ನನ್ನ ತೂಕದ ಅಕ್ಕಿ

ಸಲ್ಮಾಬಾದಿನ ಗ್ಯಾರೇಜು ಸಾಲಿನಲ್ಲಿ
ಟಯರಿನಂಗಡಿಗೂ ಕರಕ್ ಚಹಾದವನಿಗೂ ನಡುವೆ
ಇದಿನಬ್ಬನ ಶಟರು.
ಅದರೊಳಗೆ ನನ್ನ ಗಾಡಿ: ತೊಂಬತ್ತೆರಡರ ಮಾಡೆಲ್ಲು,
ಎರಡೇ ಸೀಟು, ಬಟ್ಟೆಯ ಮಾಡು,
ನಾನು ಏಳನೇ ಕ್ಲಾಸಿನಲ್ಲಿದ್ದಾಗ ಎಲ್ಲೋ ಹುಟ್ಟಿದ್ದು.

"ರೋಡಿಗಾ ಟ್ರ್ಯಾಕಿಗಾ ಸಿಸ್ಟರ್?"
ಎರಡಕ್ಕೂ, ಅಂದೆ.
ಅವನು ಸ್ಪ್ಯಾನರು ಕೆಳಗಿಟ್ಟ.
"ಎರಡಕ್ಕೂ ಅಂದರೆ ಎರಡಕ್ಕೂ ಸರಿಯಾಗುವುದಿಲ್ಲ,
ಎರಡಕ್ಕೂ ಸ್ವಲ್ಪ ಸ್ವಲ್ಪ ತಪ್ಪಾಗ್ತದೆ. ಆದೀತಾ?"
ಆದೀತು.

ಮೊದಲು ಮರಳು ತೆಗೆದ.
ಬಾಗಿಲ ಬುಡದ ತೂತುಗಳಲ್ಲಿ ಎಷ್ಟು ವರ್ಷದ್ದೋ,
ಡಿಸೆಂಬರಿನ ಒಂದೇ ಮಳೆ ಅಲ್ಲಿ ನಿಂತು
ಸೀಟಿನಡಿ ತುಕ್ಕು ಬರೆದಿತ್ತು.
ಸ್ಪ್ರಿಂಗು ಬಿಗಿ ಮಾಡಿದ, ಮತ್ತೆ ಅರ್ಧ ಸುತ್ತು ಸಡಿಲಿಸಿದ:
"ಹಂಪಿನ ಮೇಲೆ ನಿಮ್ಮ ಬೆನ್ನು ನನ್ನನ್ನು ಬೈಯ್ಯಬಾರದು."
ತಲೆಯ ಹಿಂದೆ ಕಬ್ಬಿಣದ ಕಮಾನು ಕೂರಿಸಿದ.
ಗಾಳ ಹಾಕುವ ದಾರವನ್ನು ಗಾಡಿಯ ಉದ್ದಕ್ಕೂ ಎಳೆದು
ಒಂದು ಕಣ್ಣು ಮುಚ್ಚಿ ಚಕ್ರಗಳ ಸಾಲು ನೋಡಿದ,
ಮಲ್ಪೆಯಲ್ಲಿ ದೋಣಿ ನೋಡಿದ ಹಾಗೆ.
ಮುಂದಿನ ಚಕ್ರದ ತಲೆ ಒಳಕ್ಕೆ ವಾಲಬೇಕು:
ತಿರುವಿಗೆ ಮೂರು ಡಿಗ್ರಿ ಬೇಕಂತೆ,
ದಿನದ ದಾರಿಗೆ ಒಂದಾದರೂ ಹೆಚ್ಚಂತೆ,
ಟಯರಿನ ಒಳಅಂಚು ತಿಂಗಳಲ್ಲಿ ಬೋಳಂತೆ.
ಒಂದೂಮುಕ್ಕಾಲಿಗೆ ಚೌಕಾಸಿ ಮುಗಿಯಿತು.

ಗುರುವಾರ ಡ್ಯೂಟಿಯಲ್ಲಿದ್ದೆ.
ಡಯಾಲಿಸಿಸ್ ವಾರ್ಡು,
ಮಿಷನ್ನಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ
ಮನುಷ್ಯರನ್ನು ತೂಗುವುದು ನನ್ನ ಕೆಲಸ.
ಫೋನು ಬಂತು:
"ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ ಇಟ್ಟಿದ್ದೇನೆ,
ಸೀಟಲ್ಲಿ ನೀವು ಬೇಕು, ನೀವಿಲ್ಲ. ತೂಕ ಎಷ್ಟು?"
ಐವತ್ತೆಂಟು, ಅಂದೆ.
ಹತ್ತು ನಿಮಿಷ ಕಳೆದು ನಾನೇ ಫೋನು ಮಾಡಿ
ಅರವತ್ತೊಂದು, ಅಂದೆ.
ಆಚೆಯಿಂದ ನಗುವಿಲ್ಲ. "ಹಾಂ. ಮೂರು ಕಿಲೋ ಎಂದರೆ
ಬಲ ಹಿಂಬದಿಯಲ್ಲಿ ಗೊತ್ತಾಗ್ತದೆ" ಅಷ್ಟೇ.

ಸಂಜೆ ಫೋಟೋ ಕಳಿಸಿದ.
ನನ್ನ ಸೀಟಿನಲ್ಲಿ ಎರಡು ಮೂಟೆ ಕುಚ್ಚಲಕ್ಕಿ,
ಮೇಲೆ ಹನ್ನೊಂದು ಕಿಲೋ ನೀರುಳ್ಳಿ,
ಬೆಲ್ಟು ಹಾಕಿ ಕೂತಿದೆ, ಗಂಭೀರವಾಗಿ,
ನನಗಿಂತ ನೆಟ್ಟಗೆ.
ಚಿಕ್ಕವಳಿದ್ದಾಗ ಟೈಫಾಯ್ಡು ಬಿಟ್ಟದ್ದಕ್ಕೆ
ಒಮ್ಮೆ ನನ್ನನ್ನು ಬೆಲ್ಲದಲ್ಲಿ ತೂಗಿದ್ದರು.
ಆ ಬೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.
ಈ ಅಕ್ಕಿ ಎಲ್ಲಿ ಹೋಯಿತು ಗೊತ್ತುಂಟು:
ಗ್ಯಾರೇಜಿನ ಮೇಲಿನ ರೂಮಿನಲ್ಲಿ ಹನ್ನೊಂದು ಮಂದಿ
ಎರಡು ವಾರ ಉಂಡರು ನನ್ನ ತೂಕವನ್ನು,
ಬಂಗುಡೆ ಸಾರಿನ ಜೊತೆ.

ಸಖೀರಿನಲ್ಲಿ ರಾತ್ರಿ, ಚಳಿಯ ತಿಂಗಳು,
ಜಡೆಯ ಮೇಲೆ ಹೆಲ್ಮೆಟ್ಟು ಕೂರಲಿಲ್ಲ, ಜಡೆ ಬಿಚ್ಚಿದೆ.
ಮೊದಲ ಸುತ್ತು ಬ್ರೇಕಿಗೆ ಚಳಿ, ಕಾಲಿಗೆ ಹೆದರಿಕೆ.
ಮೂರನೆಯದರಲ್ಲಿ ಎಡತಿರುವಿಗೆ ಕೈ ಕೊಟ್ಟದ್ದಷ್ಟೇ,
ಮೂಗು ತಾನೇ ಒಳಗೆ ಹೋಯಿತು.
ಮಾಡಿಲ್ಲದ ಗಾಡಿ, ದೀಪದ ಬೆಳಕಿನಲ್ಲಿ ಧೂಳು,
ಕಿವಿಯಲ್ಲಿ ಗಾಳಿ, ಏನೂ ಯೋಚನೆ ಬರಲಿಲ್ಲ.

ಗೋಡೆಯ ಬದಿ ಇದಿನಬ್ಬ ನಿಂತಿದ್ದ.
ಮೂವತ್ತೊಂದು ವರ್ಷ ಇಂಥವನ್ನು ಬಿಚ್ಚಿ ಜೋಡಿಸಿದ್ದಾನೆ,
ಓಡಿಸಿದ್ದು ಗ್ಯಾರೇಜಿನಿಂದ ಪೆಟ್ರೋಲ್ ಬಂಕಿನವರೆಗೆ.
ಬನ್ನಿ, ಅಂದೆ. ಬೇಡ ಅಂದ. ಬಂದ.
ಬಾಡಿಗೆಯ ಹೆಲ್ಮೆಟ್ಟು, ಎರಡೂ ಕೈ ಮೊಣಕಾಲ ಮೇಲೆ.

ಅದೇ ಎಡತಿರುವು.
ಗಾಡಿ ಬಲಕ್ಕೆ ಭಾರವಾಗಿ ಅಗಲಕ್ಕೆ ಜಾರಿತು,
ಅವನು ಇಳಿಸಿದ ಲೆಕ್ಕವನ್ನೆಲ್ಲ ಅವನೇ ಕೆಡಿಸಿ ಕೂತಿದ್ದ.
ನಾನು ಸ್ಟೇರಿಂಗು ಒಂದಿಷ್ಟು ಬಿಟ್ಟೆ, ಮತ್ತೆ ಹಿಡಿದೆ,
ಪಕ್ಕದಿಂದ ಒಂದು ಸದ್ದು ಬಂತು. ನಗುವೋ, ದುಆವೋ.

ಇಳಿದವನು ಏನೂ ಹೇಳಲಿಲ್ಲ.
ಬಾನೆಟ್ಟು ಎತ್ತಿದ. ಒಳಬದಿಯಲ್ಲಿ ಸೀಮೆಸುಣ್ಣದ ಅಂಕಿಗಳು,
"ಸಿಸ್ಟರ್ ೬೧" ಎಂದಿದ್ದ ಕಡೆ ಕೆಳಗೆ
"ನಾನು ೮೪" ಎಂದು ಬರೆದು
ಸ್ವಲ್ಪ ಹೊತ್ತು ನೋಡುತ್ತ ನಿಂತ.

ಭಾನುವಾರ ಬೆಳಗ್ಗೆ ಆರಕ್ಕೆ ಆಸ್ಪತ್ರೆಯ ಗೇಟು.
ಬ್ರೇಕು ಕಿರುಚಿತು, ಪಾರಿವಾಳಗಳು ಎದ್ದವು.
"ಬ್ರೇಕ್ ಹೋಗಿದೆ ಸಿಸ್ಟರ್" ಎಂದ ವಾಚ್‌ಮನ್.
ಹೋಗಿಲ್ಲ ಮಾರಾಯ,
ಅದಕ್ಕೆ ಇನ್ನೂ ಬಿಸಿಯಾಗಿಲ್ಲ.